ನೆಲ ಮುಟ್ಟದ ಜೀಪು

ನನ್ನ ಅಣ್ಣ ದನದ ಡಾಕ್ಟರು. ಸರ್ಕಾರಿ ಕೆಲಸದಿಂದ ನಿವೃತ್ತನಾದ ಮೇಲೆ ಶಿಕಾರಿಪುರದಲ್ಲೇ ಉಳಿದುಕೊಂಡ. ನಿವೃತ್ತಿ ಅನ್ನುವುದು ಹೆಸರಿಗೆ ಮಾತ್ರ. ಹಸು ಈಯಲಾರದೆ ಒದ್ದಾಡುತ್ತಿದೆ ಎಂದು ಯಾರಾದರೂ ಬಾಗಿಲಿಗೆ ಬಂದರೆ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ. ನಾನು ಮದುವೆಯಾಗಿ ಸೊರಬಕ್ಕೆ ಬಂದವಳು. ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ.

ನಮ್ಮಿಬ್ಬರಿಗೂ ಹ್ಯಾಮ್ ರೇಡಿಯೊ ಹುಚ್ಚು, ಮನೆಯಲ್ಲೇ ಸೆಟ್ ಇಟ್ಟುಕೊಂಡು ದೂರದವರ ಜೊತೆ ಮಾತಾಡುವ ಹವ್ಯಾಸ. ಮೊದಲು ಹಿಡಿದದ್ದು ಅವನಿಗೆ, ಅವನಿಂದ ನನಗೆ ಅಂಟಿತು. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡೆವು. ಅತ್ತಿಗೆಯನ್ನೂ ಅಣ್ಣ ಬಿಡಲಿಲ್ಲ. ಅವಳೂ ಗೊಣಗುತ್ತಲೇ ಓದಿ ಪಾಸಾದಳು. ಸಂಜೆ ಹೊತ್ತು ಶಿಕಾರಿಪುರದ ಮನೆಯಿಂದ ಅವರಿಬ್ಬರು, ಸೊರಬದ ಮನೆಯಿಂದ ನಾನು ಮಾತಾಡುತ್ತಿದ್ದೆವು. ಮಾತು ಅಂದರೆ ಏನು, ಅಲ್ಲಿ ಮಳೆ ಬಂತಾ, ಇಲ್ಲಿ ಮೋಡ ಇದೆ, ದನಿ ಕೇಳುತ್ತಿದೆಯಾ, ಅಷ್ಟೇ. ನನ್ನ ಯಜಮಾನರು ಪಕ್ಕದಲ್ಲಿ ಕೂತು ನಗುತ್ತಿದ್ದರು. ಇದನ್ನೇ ಫೋನಿನಲ್ಲಿ ಹೇಳಿದರೆ ಆಗುವುದಿಲ್ಲವೇ ಎಂದು ಅವರ ಪ್ರಶ್ನೆ. ಒಂದು ಮಳೆಗಾಲದಲ್ಲಿ ಟವರುಗಳೆಲ್ಲ ಕೈಕೊಟ್ಟು, ಕರೆಂಟೂ ಇಲ್ಲದೆ, ಊರಿಂದೂರಿಗೆ ಸುದ್ದಿಯೇ ಇಲ್ಲದ ಹಾಗಾಯಿತು. ಆಗ ಬ್ಯಾಟರಿಯ ಮೇಲೆ ನಡೆಯುವ ನಮ್ಮ ಸೆಟ್ಟಿನಲ್ಲೇ ಅಕ್ಕಪಕ್ಕದವರ ಸುದ್ದಿಗಳೆಲ್ಲ ಹೋಗಿ ಬಂದವು. ಅಂದಿನಿಂದ ಅವರು ನಗುವುದನ್ನು ಬಿಟ್ಟರು.

ಆ ಮಳೆಗಾಲ ಕಳೆದ ಮೇಲೆ ಅಣ್ಣ ಜೀಪಿಗೂ ಒಂದು ಸೆಟ್ ಬೇಕು ಎಂದು ಹಟ ಹಿಡಿದ. ಹಳ್ಳಿ ತಿರುಗುವವನು ತಾನು, ಫೋನು ಸಿಗದ ಕಡೆ ಏನಾದರೂ ಆದರೆ ಮನೆಗೆ ಹೇಳುವುದು ಹೇಗೆ ಎಂದು ಅವನ ವಾದ. ಹಳೆಯ ಜೀಪು, ಮೇಲ್ಛಾವಣಿಯೂ ತಗಡಿನದೇ. ಹಿಂದಿನ ಬಂಪರಿಗೆ ಉದ್ದದ ಆಂಟೆನಾ ನಿಲ್ಲಿಸಿದ. ಓಡಿಸುವಾಗ ಅದರ ತುದಿಯನ್ನು ಮುಂದಕ್ಕೆ ಬಗ್ಗಿಸಿ ಹಗ್ಗದಲ್ಲಿ ಕಟ್ಟಬೇಕು, ನಿಂತ ಮೇಲೆ ಬಿಚ್ಚಿದರೆ ಸೆಟೆದು ಎದ್ದು ನಿಲ್ಲುತ್ತಿತ್ತು.

ಮೊದಲ ಪ್ರಯೋಗಕ್ಕೆ ಅಂಜನಾಪುರದ ಡ್ಯಾಮಿನ ಏರಿಯ ಹತ್ತಿರ ಹೋದೆವು. ನಾನು ಆ ಭಾನುವಾರ ಶಿಕಾರಿಪುರದಲ್ಲೇ ಇದ್ದೆ. ಅಣ್ಣ ಮೈಕ್ ಹಿಡಿದು ಎಷ್ಟು ಕರೆದರೂ ಮನೆಯಲ್ಲಿದ್ದ ಅತ್ತಿಗೆಯ ಉತ್ತರ ಬರಲಿಲ್ಲ. ನಮಗೆ ಕೇಳಿದ್ದು ಬರೀ ಕುಂಯ್ ಅನ್ನುವ ಸದ್ದು. ಎಂಜಿನ್ ಜೋರಾದರೆ ಅದೂ ಜೋರು, ನಿಧಾನವಾದರೆ ಅದೂ ನಿಧಾನ. ಮನೆಗೆ ಬಂದರೆ ಅತ್ತಿಗೆ, ನಿಮ್ಮ ಮಾತಿನ ಬದಲು ಸೊಳ್ಳೆ ಮಾತಾಡಿತು ಎಂದಳು.

ತಪ್ಪು ಎಲ್ಲಿದೆ ಎಂದು ಅಣ್ಣನಿಗೆ ಗೊತ್ತಿತ್ತು. ಮನೆಯ ಸೆಟ್ಟಿಗೆ ಅರ್ಥ್ ಕೊಡುವುದು ಸುಲಭ. ಹಿತ್ತಲಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ತಾಮ್ರದ ಸರಳು ಹೂತರೆ ಆಯಿತು. ಜೀಪಿಗೆ ನೆಲವೇ ಇಲ್ಲ. ರಬ್ಬರಿನ ಚಕ್ರದ ಮೇಲೆ ನಿಂತ ಗಾಡಿ ಅದು. ಅದರ ಕಬ್ಬಿಣದ ಮೈಯನ್ನೇ ನೆಲ ಅಂದುಕೊಳ್ಳಬೇಕು. ಬ್ಯಾಟರಿಯ ಮೈನಸ್ಸು, ಸೆಟ್ಟಿನ ಪೆಟ್ಟಿಗೆ, ಆಂಟೆನಾದ ಬುಡ ಎಲ್ಲ ಆ ಮೈಗೆ ಗಟ್ಟಿಯಾಗಿ ಕೂಡಬೇಕು. ಆದರೆ ಹಳೆಯ ಗಾಡಿಯ ಮೈ ಒಂದೇ ಮೈಯಲ್ಲ. ಬಾನೆಟ್ ಒಂದು ತುಂಡು, ಬಾಗಿಲು ಒಂದು ತುಂಡು, ಹೊಗೆ ಕೊಳವೆ ಇನ್ನೊಂದು. ನಡುವೆ ಬಣ್ಣ, ತುಕ್ಕು, ಗ್ರೀಸು. ಒಂದೊಂದೂ ತನ್ನ ಪಾಡಿಗೆ ತಾನು ಗಲಾಟೆ ಮಾಡುತ್ತದೆ.

ದಸರಾ ರಜೆಯಲ್ಲಿ ನಾವಿಬ್ಬರೂ ಆ ಕೆಲಸಕ್ಕೆ ಕೂತೆವು. ಆಂಟೆನಾ ಕೂರುವ ಕಡೆ ಬಣ್ಣ ಕೆರೆದು ಕಬ್ಬಿಣ ಹೊಳೆಯುವ ತನಕ ಉಜ್ಜಿದೆವು. ಹೆಣೆದ ತಾಮ್ರದ ಪಟ್ಟಿಗಳನ್ನು ತುಂಡು ಮಾಡಿ ಬಾನೆಟ್ಟಿನಿಂದ ಮೈಗೆ, ಬಾಗಿಲಿನಿಂದ ಕಂಬಕ್ಕೆ, ಹೊಗೆ ಕೊಳವೆಯಿಂದ ಅಡಿಯ ಚೌಕಟ್ಟಾದ ಚಾಸಿಗೆ ಬಿಗಿದೆವು. ಬೋಲ್ಟಿನ ಕೆಳಗೆ ಹಲ್ಲಿರುವ ವಾಷರ್ ಹಾಕಿ, ಮೇಲೆ ತುಕ್ಕು ಹಿಡಿಯದ ಹಾಗೆ ಗ್ರೀಸ್ ಮೆತ್ತಿದೆವು. ಸೆಟ್ಟಿಗೆ ಎರಡೂ ತಂತಿಯನ್ನು ನೇರ ಬ್ಯಾಟರಿಯಿಂದಲೇ ಎಳೆದೆವು. ಅಣ್ಣ ಜೀಪಿನ ಕೆಳಗೆ ಮಲಗಿ ಸ್ಪ್ಯಾನರ್ ಕೇಳುವುದು, ನಾನು ಬೇರೆ ಸೈಜಿನದು ಕೊಡುವುದು, ಅವನು ಬೈಯುವುದು, ಚಿಕ್ಕಂದಿನಲ್ಲಿ ಹೇಗಿದ್ದೆವೋ ಹಾಗೇ. ಮುಂದಿನ ಸಲ ಗುಡವಿಗೆ ಹಕ್ಕಿ ನೋಡಲು ಹೋದಾಗ ಕೆರೆಯ ಪಕ್ಕದಿಂದ ಅತ್ತಿಗೆಯನ್ನು ಕರೆದೆವು. ಅವಳು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಬೇಗ ಹೇಳಿ ಎಂದದ್ದು, ಎದುರಿಗೆ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿತು. ಅಣ್ಣ ಅಂದು ಖುಷಿಯಲ್ಲಿ ದಾರಿಯುದ್ದಕ್ಕೂ ಮಾತಾಡಿದ.

ಅದಾದ ಮರುವರ್ಷ ಆಷಾಢದಲ್ಲಿ ಮಳೆ ಬಿಡದೆ ಹಿಡಿಯಿತು. ಶಾಲೆಗೆ ರಜೆ ಕೊಟ್ಟಿದ್ದರು. ಗಾಳಿಗೆ ಮತ್ತೆ ಫೋನುಗಳು ಸತ್ತಿದ್ದವು. ನಾವು ಹೇಗಿದ್ದೇವೆ ನೋಡಿ ಹೋಗೋಣ ಎಂದು ಅಣ್ಣ ಬೆಳಿಗ್ಗೆಯೇ ಜೀಪಿನಲ್ಲಿ ಸೊರಬಕ್ಕೆ ಬಂದ. ಅವನು ಕಾಫಿ ಕುಡಿಯುತ್ತಿದ್ದಾಗ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಜಡೆ ಊರಿನ ಕಡೆಯ ರೈತರು, ಅಣ್ಣನಿಗಿಂತ ಸ್ವಲ್ಪ ಚಿಕ್ಕವರು. ಅವರ ಕೊಟ್ಟಿಗೆಗೆ ಅಣ್ಣ ಸರ್ವಿಸಿನಲ್ಲಿದ್ದಾಗಿನಿಂದ ಹೋಗಿಬರುತ್ತಿದ್ದ. ಹಸುವಿಗೆ ಹಿಂದಿನ ಸಂಜೆಯಿಂದ ನೋವು, ಕರು ಬರುತ್ತಿಲ್ಲ, ಇಲ್ಲಿನ ಡಾಕ್ಟರು ಬೇರೆ ಹಳ್ಳಿಗೆ ಹೋಗಿದ್ದಾರೆ ಎಂದು ಸುಸ್ತಾಗಿ ಹೇಳಿದರು. ಬಸ್‌ಸ್ಟ್ಯಾಂಡಿನ ಕಡೆ ಹೋಗುವಾಗ ನಮ್ಮ ಮನೆ ಮುಂದೆ ಅಣ್ಣನ ಜೀಪು ಕಂಡಿತಂತೆ. ದೇವರೇ ನಿಲ್ಲಿಸಿದ ಹಾಗೆ ಇತ್ತು ನೋಡ್ರಿ ಎಂದರು. ಅಣ್ಣ ಲೋಟ ಕೆಳಗಿಟ್ಟ. ಮನೆಯಲ್ಲಿ ಕೂತು ಬೇಸತ್ತಿದ್ದ ನಾನೂ ಹೊರಟೆ.

ದಾರಿಯಲ್ಲಿ ಅವರು ಹಿಂದಿನ ಸೀಟಿನಲ್ಲಿ ಎಲೆಯಡಿಕೆ ಕವಳ ಹಾಕುತ್ತಾ ಸೆಟ್ಟನ್ನು ಕುತೂಹಲದಿಂದ ನೋಡುತ್ತಿದ್ದರು. ಇದಕ್ಕೂ ಕರೆನ್ಸಿ ಹಾಕಿಸಬೇಕಾ ಎಂದು ಕೇಳಿದರು. ಬೇಡ, ಗಾಳಿಯಲ್ಲಿ ಹೋಗುತ್ತದೆ ಎಂದು ಅಣ್ಣ ಹೇಳಿದ. ಹಾಗಾದರೆ ನಮ್ಮ ಮಗಳ ಮನೆಗೂ ಒಂದು ಹಾಕಿಕೊಡಿ, ಹಿರೇಕೆರೂರಿನ ಕಡೆ ಇದ್ದಾಳೆ, ದಿನಾ ಫೋನ್ ಮಾಡಿ ಅವರ ಅಮ್ಮ ನನ್ನ ಕರೆನ್ಸಿ ಎಲ್ಲ ಖಾಲಿ ಮಾಡುತ್ತಾಳೆ ಎಂದು ನಕ್ಕರು. ಹಸುವಿನ ಚಿಂತೆಯ ನಡುವೆಯೂ ನಗುವ ಮನುಷ್ಯ ಅವರು.

ಕರು ಹೊಟ್ಟೆಯಲ್ಲೇ ಸತ್ತಿತ್ತು. ಅಣ್ಣ ಅಂಗಿ ಬಿಚ್ಚಿ, ತೋಳಿಗೆ ಸೋಪು ಹಚ್ಚಿಕೊಂಡು ಬಹಳ ಹೊತ್ತು ಕಷ್ಟಪಟ್ಟು ಅದನ್ನು ಎಳೆದು ತೆಗೆದ. ಹಸು ಉಳಿಯಿತು. ಮನೆಯೊಡತಿ ಬಿಸಿನೀರು ತಂದುಕೊಡುತ್ತಾ, ಹಸುವಿನ ಕುತ್ತಿಗೆ ಸವರುತ್ತಾ ಇದ್ದರು. ಸತ್ತ ಕರುವನ್ನು ಅವರ ಯಜಮಾನರು ಗೋಣಿಯಲ್ಲಿ ಸುತ್ತಿ ತೋಟದ ಕಡೆ ಒಯ್ದರು. ಕೈಕಾಲು ತೊಳೆದು ಕಾಫಿ ಕುಡಿದೆವು. ತಾಯಿ ಉಳಿಯಿತಲ್ಲ, ಅಷ್ಟೇ ಸಾಕು ಡಾಕ್ಟ್ರೇ ಎಂದು ಅವರಿಬ್ಬರೂ ಒಂದೊಂದು ಸಲ ಹೇಳಿದರು. ನಾವು ಹೊರಟಾಗ ಮಳೆ ತೆಳುವಾಗಿತ್ತು, ಗಾಳಿ ಮಾತ್ರ ಹಾಗೇ ಬೀಸುತ್ತಿತ್ತು.

ಅವರ ಮನೆಯಿಂದ ಒಂದು ಏರು ಹತ್ತಿದರೆ ಟಾರು ರಸ್ತೆ. ಅಲ್ಲಿ ಅಗಲವಾದ ಜಾಗದಲ್ಲಿ ಅಣ್ಣ ಜೀಪು ನಿಲ್ಲಿಸಿದ. ನಿನ್ನ ಅತ್ತಿಗೆಗೆ ಹೇಳಿಬಿಡೋಣ, ಕಾಯುತ್ತಿರುತ್ತಾಳೆ ಎಂದ. ಇಳಿದು ಮೇಲೆ ನೋಡಿದ. ನೋಡಿದ್ದನ್ನು ನಾನು ಕಂಡಿದ್ದೇನೆ, ಆಮೇಲೆ ಪೊಲೀಸರಿಗೂ ಹೇಳಿದ್ದೇನೆ. ಕರೆಂಟಿನ ದೊಡ್ಡ ಲೈನು, ಹನ್ನೊಂದು ಸಾವಿರ ವೋಲ್ಟಿನದು, ರಸ್ತೆಯ ಆಚೆ ಬದಿಗೆ ಎತ್ತರದಲ್ಲಿತ್ತು. ನಮಗೂ ಅದಕ್ಕೂ ಬೇಕಾದಷ್ಟು ದೂರವಿತ್ತು. ಅವನು ಹಗ್ಗ ಬಿಚ್ಚಿ ಆಂಟೆನಾ ನಿಲ್ಲಿಸಿ ಒಳಗೆ ಬಂದು ಕೂತ.

ಅತ್ತಿಗೆ ಕೂಡಲೇ ಸಿಕ್ಕಳು. ಹಸುವಿನ ವಿಷಯ ಹೇಳಿದ. ಪಾಪ ಅಂದಳು. ಊಟಕ್ಕೆ ಎಲ್ಲಿ ಎಂದು ಕೇಳಿದಳು. ಸೊರಬದಲ್ಲಿ ಮುಗಿಸಿಕೊಂಡೇ ಬರುತ್ತಾನೆ ಎಂದು ನಾನು ಮೈಕಿನ ಕಡೆ ಬಗ್ಗಿ ಹೇಳುತ್ತಿದ್ದೆ. ಆಗ ರಸ್ತೆಯ ಆಚೆ ಮರ ಮುರಿಯುವ ಸದ್ದು ಕೇಳಿತು. ದೊಡ್ಡ ಕೊಂಬೆಯೊಂದು ಲೈನಿನ ಮೇಲೆ ಬಿದ್ದು, ಕಂಬ ನಮ್ಮ ಕಡೆ ವಾಲಿತು. ತಂತಿ ಸಡಿಲವಾಗಿ ಗಾಳಿಗೆ ಬೀಸಿ ಬಂದು ನಮ್ಮ ಆಂಟೆನಾಕ್ಕೆ ತಗಲಿತು. ಢಂ ಎಂದು ಸದ್ದು, ಕಣ್ಣು ಕುಕ್ಕುವ ಬೆಳಕು. ಸೆಟ್ಟಿನಿಂದ ಹೊಗೆ ಬಂತು. ಅತ್ತಿಗೆಯ ದನಿ ನಿಂತುಹೋಯಿತು.

ಅಣ್ಣ ಮೈಕ್ ಬಿಸಾಕಿದ್ದ. ನನಗೆ ಏನೂ ಆಗಿರಲಿಲ್ಲ, ಅವನಿಗೂ ಆಗಿರಲಿಲ್ಲ. ನಾನು ಬಾಗಿಲಿನ ಕಡೆ ಕೈ ಚಾಚಿದೆ. ಅವನು ನನ್ನ ಮಣಿಕಟ್ಟು ಹಿಡಿದ.

"ಇಳೀಬೇಡ. ಜೀಪು ಪೂರ್ತಿ ಕರೆಂಟಲ್ಲಿದೆ. ಕೈ ಮಡಿಲಲ್ಲಿ ಇಟ್ಕೊ. ಯಾವ ಕಬ್ಬಿಣಾನೂ ಮುಟ್ಬೇಡ" ಎಂದ.

ನಾನು ಹಾಗೇ ಮಾಡಿದೆ. ಹತ್ತನೇ ಕ್ಲಾಸಿಗೆ ವರ್ಷವರ್ಷ ಹೇಳಿಕೊಡುವ ಪಾಠ ಅದು. ತಂತಿಯ ಮೇಲೆ ಕೂತ ಹಕ್ಕಿಗೆ ಏನೂ ಆಗುವುದಿಲ್ಲ, ಯಾಕೆ ಹೇಳಿ ಮಕ್ಕಳೇ ಎಂದು ಕೇಳುತ್ತೇನೆ. ಆ ಹೊತ್ತು ನಾನೇ ಅಲ್ಲಿ ಕೂತಿದ್ದೆ. ಟೈರಿನ ರಬ್ಬರ್ ಸುಟ್ಟ ವಾಸನೆ ಬರತೊಡಗಿತು. ಬೆಂಕಿ ಹತ್ತಿದರೆ ಮಾತ್ರ ಇಳಿಯಬೇಕು ಎಂದು ಅಣ್ಣ ಹೇಳಿದ. ಜೀಪನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದ ಹಾಗೆ, ಎರಡೂ ಕಾಲು ಜೋಡಿಸಿ ದೂರ ಹಾರಬೇಕು. ಅವನ ದನಿ ಆಸ್ಪತ್ರೆಯಲ್ಲಿ ಮಾತಾಡುವಾಗಿನಂತೆಯೇ ಇತ್ತು.

ಸ್ವಲ್ಪ ಹೊತ್ತಿಗೆ ತಂತಿಯ ಚಟಚಟ ಸದ್ದು ನಿಂತಿತು. ಎಲ್ಲೋ ಲೈನು ತಾನಾಗಿ ಟ್ರಿಪ್ ಆಗಿ ಕರೆಂಟು ನಿಂತಿರಬೇಕು. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಇಳಿಯೋಣವೇ ಎಂದು ನಾನು ಕೇಳಿದೆ. ಬೇಡ, ಸಬ್‌ಸ್ಟೇಷನ್ನಿನವರು ಮತ್ತೆ ಹಾಕಿ ನೋಡುತ್ತಾರೆ, ತಂತಿ ಇನ್ನೂ ನಮ್ಮ ಮೇಲೇ ಇದೆ ಎಂದ ಅಣ್ಣ.

ಅಷ್ಟರಲ್ಲಿ ಆ ಮನೆಯ ಯಜಮಾನರು ಏರು ಹತ್ತಿ ಓಡಿಬರುವುದು ಕಂಡಿತು. ಢಂ ಅಂದದ್ದು ಅವರಿಗೆ ಅಂಗಳದಲ್ಲೇ ಕೇಳಿರಬೇಕು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾವು ಇಬ್ಬರೂ ಗಾಜಿನ ಹಿಂದಿನಿಂದ ಕೂಗಿದೆವು. ಬರಬೇಡಿ, ಮುಟ್ಟಬೇಡಿ ಎಂದು ಕೈ ಬೀಸಿದೆವು. ಕೈ ಬೀಸಿದ್ದನ್ನು ಅವರು ಕರೆಯುತ್ತಿದ್ದೇವೆ ಎಂದೇ ತಿಳಿದರೋ ಏನೋ. ಬಂದವರೇ ಅಣ್ಣನ ಕಡೆಯ ಬಾಗಿಲ ಹಿಡಿಕೆಗೆ ಕೈ ಹಾಕಿದರು.

ಏನೂ ಆಗಲಿಲ್ಲ. ಅವರು ನಕ್ಕರು ಕೂಡ.

"ಕರೆಂಟು ಹೋಗಿದೆ ಡಾಕ್ಟ್ರೇ. ಹೆದರಬೇಡ್ರಿ, ಇಳೀರಿ. ಅಕ್ಕೋರನ್ನೂ ಇಳಿಸ್ರಿ" ಎಂದರು.

ಅಣ್ಣ ಗಾಜಿಗೆ ಬಾಯಿ ಹತ್ತಿರ ತಂದು, ಬಿಡಿ, ಕೈ ಬಿಡಿ ಎಂದು ಕಿರುಚಿದ. ಅವರು ಹಿಡಿಕೆ ತಿರುಗಿಸುತ್ತಿದ್ದರು. ಆಗ ಲೈನು ಬಂತು.

ಅದನ್ನು ನಾನು ಬರೆಯುವುದಿಲ್ಲ. ಬಹಳ ಹೊತ್ತೇನೂ ಹಿಡಿಯಲಿಲ್ಲ ಎಂದಷ್ಟೇ ಹೇಳುತ್ತೇನೆ. ಮತ್ತೆ ಚಟಚಟ ನಿಂತಾಗ ಅವರು ಜೀಪಿನ ಪಕ್ಕದಲ್ಲಿ ಒಂದು ಬದಿಗೆ ವಾಲಿ ಬಿದ್ದಿದ್ದರು. ಮುಖದ ಮೇಲೆ ಹನಿ ಬೀಳುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿರಲಿಲ್ಲ.

ಅಣ್ಣ ಬಾಗಿಲು ತೆಗೆಯಲು ಹೋದ. ಎದೆ ಒತ್ತಬೇಕು, ಈಗಲೇ ಒತ್ತಿದರೆ ಉಳಿಯಬಹುದು ಎಂದು ಹೇಳುತ್ತಲೇ ಇದ್ದ. ನಾನು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಂದಿನಿಂದ ಹಿಡಿದೆ. ಲೈನು ಮತ್ತೆ ಬರುತ್ತದೆ ಎಂದು ಅವನೇ ಹೇಳಿದ್ದನ್ನು ಅವನಿಗೇ ಹೇಳಿದೆ. ಅವನು ಕೊಸರಿದ, ನಾನು ಬಿಡಲಿಲ್ಲ. ಮತ್ತೊಮ್ಮೆ ಬಂತು. ತಂತಿ ಆಂಟೆನಾದ ಬುಡಕ್ಕೆ ಜಾರಿ ಕಿಡಿ ಹಾರಿತು. ಅದಾದ ಮೇಲೆ ಅವನು ಕೊಸರಲಿಲ್ಲ. ಆ ಹಿಡಿತಕ್ಕೆ ನಾನು ಇವತ್ತಿಗೂ ಪಶ್ಚಾತ್ತಾಪ ಪಟ್ಟಿಲ್ಲ. ಅವನು ಅದನ್ನು ಎಂದೂ ಎತ್ತಿ ಆಡಿಲ್ಲ.

ಆಮೇಲೆ ಅವರ ಹೆಂಡತಿ ಬಂದರು. ಕೊಟ್ಟಿಗೆಯಿಂದ ನೇರ ಎದ್ದು ಬಂದಿದ್ದರು, ಸೀರೆ ಮೇಲೆತ್ತಿ ಸಿಕ್ಕಿಸಿದ್ದು ಹಾಗೇ ಇತ್ತು. ಅಣ್ಣ ಗಾಜನ್ನು ಒಂದು ಬೆರಳಿನಷ್ಟು ಇಳಿಸಿದ್ದ. ಅವರನ್ನು ಕಂಡ ಕೂಡಲೇ, ಅಲ್ಲೇ ನಿಲ್ಲಮ್ಮ, ಮುಟ್ಟಬೇಡ ಎಂದು ಕೂಗಿದ. ಆಕೆ ನಿಂತರು. ಹೇಗೆ ನಿಂತರೋ ನನಗೆ ಗೊತ್ತಿಲ್ಲ. ನಾನಾದರೆ ನಿಲ್ಲುತ್ತಿರಲಿಲ್ಲ. ಅಲ್ಲಿಂದಲೇ ಗಂಡನನ್ನು, ಏಳ್ರಿ, ಏಳ್ರಿ ಎಂದು ಕರೆದರು. ಉತ್ತರ ಬರದಿದ್ದಾಗ ಅಣ್ಣನ ಕಡೆ ನೋಡಿದರು.

"ಉಸಿರಾಡ್ತಿದಾರಾ ನೋಡ್ರಿ ಡಾಕ್ಟ್ರೇ. ನೀವು ಹತ್ರ ಇದೀರಲ್ಲ."

ಅಣ್ಣ ಕಿಟಕಿಯಿಂದ ಕೆಳಗೆ ನೋಡಿದ. ಹೌದು, ಅವನೇ ಎಲ್ಲರಿಗಿಂತ ಹತ್ತಿರ ಇದ್ದವನು. ಕೈ ಚಾಚಿದರೆ ತಲೆಗೂದಲು ಸಿಗುವಷ್ಟು. ಗೊತ್ತಾಗ್ತಿಲ್ಲಮ್ಮ ಎಂದ. ಗೊತ್ತಾಗಿತ್ತು ಅವನಿಗೆ. ಜೀವಮಾನವೆಲ್ಲ ಉಸಿರು ನಿಂತ ಪ್ರಾಣಿಗಳನ್ನು ನೋಡಿದವನು.

ಅಕ್ಕಪಕ್ಕದ ಮನೆಯವರು ಬಂದರು. ಒಬ್ಬ ಮುದುಕರು ಆಕೆಯ ಸೆರಗು ಹಿಡಿದು ಇನ್ನೂ ಹಿಂದಕ್ಕೆ ಎಳೆದು ನಿಲ್ಲಿಸಿಕೊಂಡರು. ಫೋನು ಇಲ್ಲ, ನಮ್ಮ ಸೆಟ್ಟು ಸುಟ್ಟುಹೋಗಿತ್ತು. ಒಬ್ಬರು ಬೈಕಿನಲ್ಲಿ ಸಬ್‌ಸ್ಟೇಷನ್ನಿಗೆ ಹೋದರು. ಅವರು ಹೋಗಿ ಲೈನು ಕಡಿಸಿ, ಲೈನ್‌ಮನ್ನನ್ನು ಕರೆದುಕೊಂಡು ಬರುವ ತನಕ ನಾವು ಜೀಪಿನಲ್ಲೇ ಕೂತಿದ್ದೆವು. ರಸ್ತೆಯಲ್ಲಿ ಜನ ಸೇರುತ್ತಿದ್ದರು. ಎಲ್ಲರೂ ಮಳೆಯಲ್ಲಿ ನೆನೆಯುತ್ತಿದ್ದರು. ನಾವಿಬ್ಬರು ಮಾತ್ರ ಒಳಗೆ ಒಣ ಬಟ್ಟೆಯಲ್ಲಿ, ಮಡಿಲಲ್ಲಿ ಕೈ ಇಟ್ಟುಕೊಂಡು. ಆಕೆ ನೆಲದ ಮೇಲೆ ಕೂತುಬಿಟ್ಟಿದ್ದರು. ಒಮ್ಮೆ ಗಂಡನನ್ನು, ಒಮ್ಮೆ ನಮ್ಮನ್ನು ನೋಡುತ್ತಿದ್ದರು. ನಾನು ಆ ನೋಟ ತಪ್ಪಿಸಲು ಎದುರಿನ ಗಾಜನ್ನು ನೋಡುತ್ತಾ ಕೂತೆ. ಅಣ್ಣ ತಪ್ಪಿಸಲಿಲ್ಲ.

ಲೈನ್‌ಮನ್ ಬಂದು ಎರಡೂ ಕಡೆ ಪರೀಕ್ಷೆ ಮಾಡಿ, ಇಳಿಯಿರಿ ಎಂದಾಗ ಅಣ್ಣ ಇಳಿದು ಅವರ ಪಕ್ಕದಲ್ಲಿ ಮಂಡಿಯೂರಿ ಎದೆ ಒತ್ತತೊಡಗಿದ. ಮೈ ಆಗಲೇ ತಣ್ಣಗಾಗಿತ್ತು. ಎಲ್ಲರಿಗೂ ಕಾಣುತ್ತಿತ್ತು, ಆದರೂ ಯಾರೂ ಸಾಕು ಅನ್ನಲಿಲ್ಲ. ಕೊನೆಗೆ ಆ ಮುದುಕರು ಅವನ ಹೆಗಲ ಮೇಲೆ ಕೈ ಇಟ್ಟರು.

ಶಿಕಾರಿಪುರದಲ್ಲಿ ಅತ್ತಿಗೆ ಅಷ್ಟು ಹೊತ್ತೂ ಸೆಟ್ಟಿನ ಮುಂದೆ ಕೂತು ನಮ್ಮನ್ನು ಕರೆಯುತ್ತಲೇ ಇದ್ದಳಂತೆ. ನನ್ನ ಮಾತು ಅರ್ಧಕ್ಕೆ ನಿಂತದ್ದು ಅವಳಿಗೆ ಕೇಳಿತ್ತು. ಅಣ್ಣ ಮನೆಗೆ ಬಂದಾಗ ಅವಳ ದನಿ ಕಟ್ಟಿಹೋಗಿತ್ತು. ಬೇರೆ ಊರಿನ ಹ್ಯಾಮ್‌ಗಳೂ ಕೇಳಿಸಿಕೊಂಡು ಅವಳ ಜೊತೆ ನಮ್ಮನ್ನು ಹುಡುಕಿದ್ದರು. ಅಣ್ಣ ಅವಳಿಗೆ, ನಮಗೇನೂ ಆಗಿಲ್ಲ ಎಂದು ಹೇಳಿ ಬಚ್ಚಲಿಗೆ ಹೋದವನು ಎಷ್ಟೋ ಹೊತ್ತು ಹೊರಗೆ ಬರಲಿಲ್ಲವಂತೆ.

ಮರುದಿನ ಮಣ್ಣಿಗೆ ನಾವು ಮೂವರೂ ಹೋದೆವು. ಗದ್ದೆಯ ಅಂಚಿನಲ್ಲಿ ಗುಂಡಿ ತೋಡಿದ್ದರು. ತೋಡಿದ ಹಾಗೆ ನೀರು ಜಿನುಗುತ್ತಿತ್ತು, ಬಕೆಟ್ಟಿನಲ್ಲಿ ಎತ್ತಿ ಹಾಕುತ್ತಿದ್ದರು. ಮಗಳು ಹಿರೇಕೆರೂರಿನ ಕಡೆಯಿಂದ ಬಂದಿದ್ದಳು. ಯಾರೂ ಅಣ್ಣನ ಮೇಲೆ ಕೂಗಾಡಲಿಲ್ಲ. ಪೊಲೀಸರು ಬಂದು ಹೋಗಿದ್ದರು. ಮರ ಬಿದ್ದು ಆದ ಅಪಘಾತ ಎಂದೇ ಎಲ್ಲರೂ ಹೇಳಿದ್ದರು. ಊರಿನವರು ಅಣ್ಣನಿಗೆ ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ.

ಶಿವಗಣಾರಾಧನೆಯ ದಿನ ಊಟ ಮುಗಿದ ಮೇಲೆ ಆಕೆ ಜಗಲಿಗೆ ಬಂದು ಅಣ್ಣನ ಎದುರು ಕೂತರು.

"ಒಂದು ಕೇಳ್ಲಾ ಡಾಕ್ಟ್ರೇ. ನೀವು ಜೀಪಿನ ಒಳಗೇ ಇದ್ರಿ. ಅಕ್ಕೋರೂ ಇದ್ರು. ಅವ್ರು ಹೊರಗೆ ಇದ್ರು. ನಿಮಗ್ಯಾಕೆ ಏನೂ ಆಗ್ಲಿಲ್ಲ?"

ಕೋಪದ ದನಿಯಲ್ಲ. ನಿಜವಾಗಿಯೂ ತಿಳಿಯಲು ಕೇಳಿದ್ದು. ಅಣ್ಣ ಹೇಳಬೇಕಾಯಿತು. ಕರೆಂಟು ನೆಲ ಹುಡುಕುತ್ತದೆ, ಜೀಪು ಟೈರಿನ ಮೇಲೆ ಇತ್ತು, ನಾವು ಅದರೊಳಗೆ ನೆಲಕ್ಕೆ ತಾಗದೆ ಇದ್ದೆವು, ಅವರ ಕೈ ಜೀಪಿನ ಮೇಲೆ, ಕಾಲು ನೆಲದ ಮೇಲೆ ಇತ್ತು, ಅವರ ಮೈಯಲ್ಲಿ ಹಾದು ಅದು ನೆಲಕ್ಕೆ ಹೋಯಿತು ಎಂದು ನಿಧಾನವಾಗಿ ಬಿಡಿಸಿ ಹೇಳಿದ. ಮಕ್ಕಳಿಗೆ ನಾನು ಇದಕ್ಕಿಂತ ಚೆನ್ನಾಗಿ ಎಂದೂ ಹೇಳಿಲ್ಲ. ಆಕೆ ಪೂರ್ತಿ ಕೇಳಿದರು.

"ಅಂದ್ರೆ ಅವ್ರು ನಮ್ಮ ನೆಲದ ಮೇಲೆ ನಿಂತಿದ್ದೇ ತಪ್ಪಾಯ್ತಾ?" ಎಂದರು.

ಆಕೆ ಉತ್ತರಕ್ಕೆ ಕಾಯದೆ ಎದ್ದು ಒಳಗೆ ಹೋದರು.

ಅಣ್ಣನನ್ನು ಕೊರೆದದ್ದು ಬೇರೆಯೇ ಒಂದು ವಿಷಯ. ಬಾಗಿಲಿಗೆ ನಾವು ಪಟ್ಟಿ ಹಾಕಿದ್ದೆವಲ್ಲ, ಅದಿಲ್ಲದಿದ್ದರೆ ಬಾಗಿಲು ಪ್ರತ್ಯೇಕ ಉಳಿದು ಅವರು ಬದುಕುತ್ತಿದ್ದರೋ ಏನೋ ಎಂದು. ಒಂದು ಸಂಜೆ ಶಿಕಾರಿಪುರದ ಮನೆಯ ಹೊರಗೆ ಬಂದು, ಎಳೆಸಿ ತಂದು ನಿಲ್ಲಿಸಿದ್ದ ಜೀಪಿನ ಬಾಗಿಲಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಹನ್ನೊಂದು ಸಾವಿರ ವೋಲ್ಟಿಗೆ ತುಕ್ಕು ಹಿಡಿದ ಕೀಲು ಯಾವ ಅಡ್ಡಿ ಎಂದು ನಾನು ವಾದಿಸಿದೆ. ಕೀಲಿನಲ್ಲೇ ಹಾದುಬರುತ್ತಿತ್ತು. ಪಟ್ಟಿಗಳು ಇದ್ದದ್ದರಿಂದ ಜೀಪಿನ ಒಳಗಿದ್ದದ್ದೆಲ್ಲ ಒಂದೇ ಆಗಿ, ನಾವು ಉಳಿದೆವು. ಮೈಕ್ ನಿನ್ನ ಕೈಯಲ್ಲೇ ಇತ್ತಲ್ಲ ಎಂದೂ ಹೇಳಿದೆ. ಅವನಿಗೆ ಸಮಾಧಾನವಾಗಲಿ ಎಂದು ಹೇಳಿದ್ದು. ಅವನು ಪಟ್ಟಿಯನ್ನು ಕೈಬಿಟ್ಟು, ನಾವು ಉಳಿದೆವು, ಅದೇ ತಾನೇ ಎಂದ. ನಾನು ಆಮೇಲೆ ಅವನಿಗೆ ವಿಜ್ಞಾನ ಹೇಳಲಿಲ್ಲ.

ಸುಟ್ಟ ಸೆಟ್ಟನ್ನು ಅವನು ರಿಪೇರಿ ಮಾಡಿಸಲಿಲ್ಲ. ಮನೆಯ ಸೆಟ್ಟಿನ ಮುಂದೆಯೂ ಕೂರಲಿಲ್ಲ. ಅತ್ತಿಗೆ ಅದಕ್ಕೆ ಒಂದು ಬಟ್ಟೆ ಹೊದಿಸಿದಳು. ಜೀಪನ್ನು ಗುಜರಿಯವರು ತಳ್ಳಿಕೊಂಡು ಹೋದರು. ಸಂಜೆ ನಾವು ಫೋನಿನಲ್ಲಿ ಮಾತಾಡುತ್ತೇವೆ. ಫೋನು ಸರಿ ಇದ್ದರೆ.

ಅವನು ಬಿಡದ್ದು ಒಂದೇ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಸೊರಬಕ್ಕೆ ಬಂದು, ನನ್ನನ್ನೂ ಕರೆದುಕೊಂಡು, ಜಡೆ ಬಸ್ಸು ಹತ್ತಿ ಆ ಮನೆಗೆ ಹೋಗುತ್ತಿದ್ದ. ದನಗಳನ್ನು ನೋಡುತ್ತಿದ್ದ, ಇಂಜೆಕ್ಷನ್ ಇದ್ದರೆ ಹಾಕುತ್ತಿದ್ದ, ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದ. ಆಕೆ ಕಾಫಿ ತಂದಿಡುತ್ತಿದ್ದರು. ಹೀಗೆ ಒಂದು ವರ್ಷ ಕಳೆದಿರಬೇಕು. ನನಗೆ ಇದು ಇಬ್ಬರಿಗೂ ಒಳ್ಳೆಯದು ಅನ್ನಿಸಿತ್ತು.

ಒಮ್ಮೆ ಅಣ್ಣ ಕೊಟ್ಟಿಗೆಯಲ್ಲಿದ್ದಾಗ ಆಕೆ ನನ್ನನ್ನು ಹಿತ್ತಲಿಗೆ ಕರೆದರು. ಬಾವಿಕಟ್ಟೆಯ ಹತ್ತಿರ ನಿಂತು, ನೆಲ ನೋಡುತ್ತಾ ಮಾತಾಡಿದರು.

"ಅಕ್ಕೋರೆ, ತಪ್ಪು ತಿಳ್ಕೋಬೇಡ್ರಿ. ಡಾಕ್ಟ್ರು ಒಳ್ಳೆಯವ್ರು. ಅವ್ರ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಅವ್ರು ಆ ಏರು ಇಳಿದು ಬರೋದು ಕಂಡ್ರೆ ನಮ್ಮೋರು ಹೋದ್ರು, ಇವ್ರು ಬದುಕಿದಾರಲ್ಲ ಅನ್ಸುತ್ತೆ. ಹಾಗನ್ಸೋದು ಪಾಪ. ಆ ಪಾಪ ನಂಗೆ ಬೇಡ. ಇನ್ನು ಬರೋದು ಬೇಡ ಅಂತ ಹೇಳ್ರಿ."

ನಾನು ಹ್ಞೂಂ ಎಂದೆ. ಆಕೆ ನನ್ನ ಕೈ ಮುಟ್ಟಿ ಒಳಗೆ ಹೋದರು. ಅಂದೂ ಕಾಫಿ ಕೊಟ್ಟರು.

ಜಡೆಯಿಂದ ಬರುವಾಗ ಬಸ್ಸಿನಲ್ಲಿ ನನಗೆ ಹೇಳಲಾಗಲಿಲ್ಲ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಅವನ ಬಸ್ಸಿಗೆ ಕಾಯುತ್ತಾ ನಿಂತಾಗ ಹೇಳಿದೆ. ಆಕೆ ಹೇಳಿದ್ದನ್ನು ಒಂದೂ ಬಿಡದೆ, ನನ್ನದೇನೂ ಸೇರಿಸದೆ ಹೇಳಿದೆ. ಅವನು ಕೈಯಲ್ಲಿದ್ದ ಬ್ಯಾಗನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದ.

"ಸರಿ" ಎಂದ. ಬಸ್ಸು ಬರುವ ಕಡೆ ನೋಡುತ್ತಾ, "ಆಕೆ ಹೇಳಿದ್ದು ಸರಿಯೇ ಇದೆ ಮಾರಾಯ್ತಿ. ನಂಗೂ ಅಲ್ಲಿಗೆ ಹೋದಾಗೆಲ್ಲ ಹಾಗೇ ಅನ್ಸುತ್ತೆ" ಎಂದ.

ಶಿಕಾರಿಪುರದ ಬಸ್ಸು ಬಂತು. ರಶ್ ಇತ್ತು, ಅವನಿಗೆ ಸೀಟು ಸಿಗಲಿಲ್ಲ. ಮೇಲಿನ ಸರಳು ಹಿಡಿದು, ನನಗೆ ಬೆನ್ನು ಮಾಡಿ ನಿಂತಿದ್ದ. ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುಗಿ ಹೋದ ಮೇಲೆ ನಾನು ತರಕಾರಿ ತೆಗೆದುಕೊಂಡು ಮನೆಗೆ ನಡೆದೆ.